ಶಸ್ತ್ರಚಿಕಿತ್ಸೆಯ ದಿನ ರೋಗಿಯ ಮೈ ಬೆಚ್ಚಗಿಡುವ ಬಗೆ

ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಆಸ್ಪತ್ರೆಗಳಿಗೆ ಆಪರೇಷನ್ನಿಗೆಂದು ಬರುವವರ ಚೀಲದಲ್ಲಿ ಟವೆಲ್, ಬೀಸಣಿಗೆ, ನೀರಿನ ಬಾಟಲಿ ಇರುತ್ತವೆಯೇ ಹೊರತು ಹೊದಿಕೆ ಇರುವುದಿಲ್ಲ. ಈ ಸೆಕೆಯಲ್ಲಿ ರಗ್ಗು ಯಾರಿಗೆ ಬೇಕು ಎಂದು ಹಿರಿಯರೇ ತೆಗೆದಿಡಿಸಿರುತ್ತಾರೆ. ಆದರೆ ಆಪರೇಷನ್ ಥಿಯೇಟರಿಗೆ ಊರಿನ ಬಿಸಿಲು ತಲುಪುವುದಿಲ್ಲ. ಅಲ್ಲಿ ಎ.ಸಿ. ಓಡುತ್ತಿರುತ್ತದೆ, ರೋಗಿಯ ಮೈಮೇಲೆ ತೆಳುವಾದ ಗೌನು ಮಾತ್ರ ಇರುತ್ತದೆ, ಚರ್ಮಕ್ಕೆ ಬಳಿದ ಔಷಧದ ದ್ರಾವಣವು ಆರುವಾಗ ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಅರಿವಳಿಕೆ. ಎಚ್ಚರವಿರುವಾಗ ಚಳಿಯಾದರೆ ಕೈಕಾಲುಗಳ ರಕ್ತನಾಳಗಳು ಬಿಗಿದುಕೊಂಡು, ಶಾಖವು ಎದೆ, ಹೊಟ್ಟೆ, ಮಿದುಳಿನ ಭಾಗದಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತವೆ. ಅರಿವಳಿಕೆ ಕೊಟ್ಟೊಡನೆ ಆ ನಾಳಗಳು ಸಡಿಲಗೊಂಡು, ಒಳಗಿನ ಬಿಸಿ ತಣ್ಣಗಿರುವ ಕೈಕಾಲುಗಳ ಕಡೆಗೆ ಹರಿದುಹೋಗುತ್ತದೆ. ಮೊದಲ ಒಂದು ಗಂಟೆಯಲ್ಲೇ ಒಳಮೈಯ ತಾಪ 1ರಿಂದ 1.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬಹುದು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದಾಗಲೂ ಇದು ತಪ್ಪುವುದಿಲ್ಲ. ತಾಪವು 36 ಡಿಗ್ರಿಗಿಂತ, ಅಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 96.8ಕ್ಕಿಂತ ಕೆಳಗಿಳಿದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ, ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಚ್ಚಗಿಟ್ಟವರ ಪೈಕಿ ಶೇ. 6 ಮಂದಿಗೆ, ಮೈ ತಣ್ಣಗಾದವರ ಪೈಕಿ ಶೇ. 19 ಮಂದಿಗೆ ಗಾಯದ ಸೋಂಕು ಕಂಡುಬಂದಿತ್ತು.

ಆದ್ದರಿಂದ ಆಪರೇಷನ್ ಮುಗಿದ ಮೇಲೆ ಹೊದಿಸುವುದಕ್ಕಿಂತ, ಅದಕ್ಕೆ ಮೊದಲೇ ಕೈಕಾಲುಗಳನ್ನು ಬೆಚ್ಚಗೆ ಮಾಡಿಟ್ಟುಕೊಳ್ಳುವುದು ಹೆಚ್ಚು ಫಲಕಾರಿ. ತಲೆಸ್ನಾನವನ್ನು ಹಿಂದಿನ ದಿನವೇ ಮುಗಿಸಿರಿ. ಒದ್ದೆ ಜಡೆಯನ್ನು ಹಾಗೇ ಹೆಣೆದುಕೊಂಡು ಸ್ಟ್ರೆಚರಿನ ಮೇಲೆ ಮಲಗುವ ಹೆಂಗಸರು ಕಡಿಮೆಯೇನಿಲ್ಲ. ಬೆಳಿಗ್ಗೆ ಕಾಲುಚೀಲ ಹಾಕಿಸಿ, ಒಗೆದ ಹತ್ತಿಯ ದುಪ್ಪಟಿಯನ್ನು ಎರಡು ಪದರವಾಗಿ ಹೊದಿಸಿ, ನೆತ್ತಿಯ ಮೇಲಿನ ಫ್ಯಾನನ್ನು ನಿಲ್ಲಿಸಿರಿ. ವಾರ್ಡಿನಿಂದ ಕರೆದೊಯ್ಯುವ ಮೊದಲು ಮೈತಾಪ ನೋಡಿ ಬರೆದುಕೊಂಡಿದ್ದಾರೆಯೇ ಎಂದು ಸಿಸ್ಟರನ್ನು ವಿನಯದಿಂದ ಕೇಳಬಹುದು. ಮೈ ಬೆಚ್ಚಗಾಗಲೆಂದು ಚಹಾ ಮಾತ್ರ ಕುಡಿಸಬಾರದು. ಹಾಲು ಬೆರೆತ ಚಹಾವನ್ನು ಆಹಾರವೆಂದೇ ಎಣಿಸಿ, ಸಾಮಾನ್ಯವಾಗಿ ಆರು ಗಂಟೆ ಮೊದಲೇ ನಿಲ್ಲಿಸಲಾಗುತ್ತದೆ. ಚಳ್ಳಕೆರೆ ಕಡೆಯಿಂದ ಬರುವವರು ತರುವ ಕುರಿಯುಣ್ಣೆಯ ಕಂಬಳಿಗೆ ಬೆಚ್ಚನೆಯ ವಿಷಯದಲ್ಲಿ ಸಾಟಿಯಿಲ್ಲ, ಆದರೆ ಅದರ ಎಳೆ ಉದುರುವುದರಿಂದ ಥಿಯೇಟರಿಗೆ ಅದನ್ನು ಒಯ್ಯುವಂತಿಲ್ಲ. ವಾರ್ಡಿನಲ್ಲಿಯೂ ಕೆಳಗೊಂದು ದುಪ್ಪಟಿ ಹೊದಿಸಿ, ಗಾಯದ ಪಟ್ಟಿಗೆ ತಾಗದಂತೆ ಮೇಲೆ ಹಾಕಬೇಕು.

ಥಿಯೇಟರಿನ ಒಳಗಿನ ಕೆಲಸ ಸಿಬ್ಬಂದಿಯದು. ಆಪರೇಷನ್ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಾದರೆ ಬಿಸಿಗಾಳಿ ತುಂಬುವ ಹೊದಿಕೆ ಬಳಸುವುದು, ಅರ್ಧ ಲೀಟರಿಗಿಂತ ಹೆಚ್ಚು ಸಲೈನ್ ಏರಿಸುವಾಗ ಅದನ್ನು 37 ಡಿಗ್ರಿಗೆ ಬಿಸಿ ಮಾಡುವುದು, ಅರ್ಧ ಗಂಟೆಗೊಮ್ಮೆ ತಾಪ ನೋಡುವುದು ಒಳ್ಳೆಯ ರೂಢಿ. ನಿಮ್ಮ ಪಾಲಿನದು, ಅರಿವಳಿಕೆ ವೈದ್ಯರು ಮೊದಲೇ ಬಂದು ವಿಚಾರಿಸುವಾಗ, ಹಿಂದಿನ ಆಪರೇಷನ್ನಿನಲ್ಲಿ ನಡುಕ ಬಂದಿದ್ದರೆ ಅಥವಾ ಥೈರಾಯ್ಡ್ ತೊಂದರೆಯಿದ್ದರೆ ಮರೆಯದೆ ಹೇಳುವುದು.

ಹೊರಗೆ ಬಂದಾಗ ರೋಗಿ ಹಲ್ಲು ಕಟಕಟಿಸುವಂತೆ ನಡುಗಿದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. ನಡುಕದಿಂದ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ, ಹೊಲಿಗೆಯ ನೋವೂ ಕೆರಳುತ್ತದೆ. ಒಣಗಿದ ಹೊದಿಕೆ ಹೊದಿಸಿ, ತಲೆಗೆ ಟೋಪಿ ಹಾಕಿ, ಸಿಸ್ಟರನ್ನು ಕರೆಯಿರಿ, ಅದಕ್ಕೆ ಔಷಧಿಯೂ ಉಂಟು. ಬಿಸಿನೀರಿನ ಚೀಲವನ್ನಾಗಲಿ, ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟನ್ನಾಗಲಿ ಕಾಲಿಗೆ ಇಡಲೇಬೇಡಿ. ಮರಗಟ್ಟಿದ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತದೆ ಅಷ್ಟೆ. ರಕ್ತ ಏರಿಸುತ್ತಿರುವಾಗ ನಡುಕ ಬಂದರೆ ಅದನ್ನು ಬರಿಯ ಚಳಿಯೆಂದು ಬಗೆಯದೆ ತಕ್ಷಣ ತಿಳಿಸಬೇಕು.

ಸಿಸೇರಿಯನ್ ಆದ ತಾಯಂದಿರಿಗೆ ಈ ನಡುಕ ಬಹಳ ಸಾಮಾನ್ಯ. ತಾಯಿಯೂ ಮಗುವೂ ಸುಸ್ಥಿತಿಯಲ್ಲಿದ್ದರೆ, ಮೈ ಒರೆಸಿ ಕುಲಾವಿ ಹಾಕಿದ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಒಂದೇ ಹೊದಿಕೆ ಹೊದಿಸುವುದು ಕೂಸನ್ನು ಬೆಚ್ಚಗಿಡುವ ಒಳ್ಳೆಯ ವಿಧಾನ. ಎಳೆಗೂಸಿಗೆ ಎರೆಯುವುದರಲ್ಲಿ ನಮ್ಮ ಕಡೆಯ ಅಜ್ಜಿಯರಿಗೆ ಉತ್ಸಾಹ ಹೆಚ್ಚು. 24 ಗಂಟೆಯಾದರೂ ಅದನ್ನು ಮುಂದೂಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ.

ಬೆವರತೊಡಗಿದರೆ ಒಂದು ಪದರ ತೆಗೆದು, ಒದ್ದೆಯಾದ ಗೌನನ್ನು ಬದಲಿಸಿರಿ. ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಬೆರಳುಗಳನ್ನು ಮುಚ್ಚಬೇಡಿ, ಅವುಗಳ ಬಣ್ಣವನ್ನು ಸಿಸ್ಟರ್ ನೋಡುತ್ತಿರಬೇಕಾಗುತ್ತದೆ. ಇನ್ನು ಜನರಲ್ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ಸೆಕೆ, ನಮ್ಮವರಿಗೆ ಚಳಿ ಎಂಬ ಫ್ಯಾನಿನ ತಕರಾರು ಇದ್ದದ್ದೇ. ಫ್ಯಾನಿನ ನೇರ ಕೆಳಗಿಲ್ಲದ ಹಾಸಿಗೆಯನ್ನು ಹಿಂದಿನ ದಿನ ದಾಖಲಾಗುವಾಗಲೇ ಕೇಳಿಕೊಳ್ಳಿರಿ.