ಮತ ಬಿದ್ದ ಮೇಲೆ ಶುರುವಾಗುವ ಆಟ: ಡೊಂಬಿವಲಿಯಲ್ಲಿ ನಮ್ಮ ಭದ್ರತಾ ಮಂಡಳಿ

ಮಕ್ಕಳನ್ನು ಒಂದೊಂದು ದೇಶದವರಾಗಿ ಕೂರಿಸಿ ವಿಶ್ವಸಂಸ್ಥೆಯ ಅಣಕು ಭದ್ರತಾ ಮಂಡಳಿ ಆಡಿಸಿದವರಿಗೆಲ್ಲ ಈ ತಾಪತ್ರಯ ಗೊತ್ತು. ಭಾಷಣ ಜೋರಾಗಿರುತ್ತದೆ, ಚಪ್ಪಾಳೆ ಬೀಳುತ್ತದೆ. ಶಾಂತಿಪಡೆ ಯಾಕೆ ತಡವಾಯಿತು ಅಂದರೆ ಮಕ್ಕಳದು ಒಂದೇ ಉತ್ತರ, 'ವೀಟೋ ಸಾರ್', ಅಂದರೆ ದೊಡ್ಡ ದೇಶವೊಂದು ನಿರ್ಣಯವನ್ನೇ ತಡೆಯಿತು ಅಂತ. 1994ರ ರುವಾಂಡಾ ಹತ್ಯಾಕಾಂಡದ ವಿಷಯದಲ್ಲಿ ಯಾರೂ ವೀಟೋ ಹಾಕಲೇ ಇಲ್ಲವಲ್ಲ! ಪಡೆಗೆ ಮಂಡಳಿಯ ಒಪ್ಪಿಗೆ ಸಿಕ್ಕ ಮೇಲೂ ತಡವಾಯಿತು.

ಅದಕ್ಕೇ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಆಟವನ್ನು ಮತದಾನ ಮುಗಿದ ಮೇಲೆ ಶುರು ಮಾಡಿದೆ. "ಭಾಷಣ ಇಲ್ಲ ಅಂದ್ರೆ ಅಪ್ಪ ಅಮ್ಮ ಏನು ನೋಡೋಕೆ ಬರ್ತಾರೆ ಮಾಸ್ಟ್ರೇ?" ಅಂದರು ಹಾಲ್ ಕೊಡುವ ಹಿರಿಯರು.

ಮೊದಲು ನಕ್ಷೆ, ಬಾವುಟ, ಹೆಸರಿನ ಫಲಕ ಅಂತ ಮೂರು ಸಾವಿರದಷ್ಟು ಸುರಿದೆ. ಫಲಕ ಕಂಡದ್ದೇ ಮಕ್ಕಳು ಮತ್ತೆ ಭಾಷಣ ಬಿಗಿದರು. ಆಮೇಲೆ ನಕಲಿ ನೋಟು ಹಂಚಿದೆ. ಅದು ವ್ಯಾಪಾರದ ಆಟವಾಗಿಬಿಟ್ಟಿತು. ಹಾಲ್ ಬಾಡಿಗೆ, ವಡಾಪಾವ್ ಎಲ್ಲ ಸೇರಿ ಏಳೆಂಟು ಸಾವಿರ ನನ್ನ ಜೇಬಿನಿಂದಲೇ ಹೋಗಿರಬೇಕು.

ಗೆದ್ದದ್ದು ಜೆರಾಕ್ಸ್ ಚೀಟಿ. ನೂರು ರೂಪಾಯಿಯೊಳಗೆ ಮುಗಿಯಿತು. ಒಬ್ಬರ ಹತ್ತಿರ ಸೈನಿಕರು, ಒಬ್ಬರ ಹತ್ತಿರ ಗಾಡಿ, ಇನ್ನೊಬ್ಬರ ಹತ್ತಿರ ವಿಮಾನ, ಮತ್ತೊಬ್ಬರ ಹತ್ತಿರ ದುಡ್ಡು. ನಾಲ್ಕೂ ಒಂದೇ ಮೇಜಿಗೆ ಬಾರದೆ ಯಾರೂ ರುವಾಂಡಾದ ರಾಜಧಾನಿ ಕಿಗಾಲಿಗೆ ಹೊರಡುವಂತಿಲ್ಲ. ಗೋಡೆಯ ಮೇಲೆ 1994ರ ಕ್ಯಾಲೆಂಡರ್. ಏಪ್ರಿಲ್ 7ಕ್ಕೆ ಹತ್ಯಾಕಾಂಡ ಶುರು. ಏಪ್ರಿಲ್ 21ಕ್ಕೆ ಮಂಡಳಿ ಅಲ್ಲಿನ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಮೇ 17ಕ್ಕೆ 5500 ಮಂದಿಗೆ ಒಪ್ಪಿಗೆ. ಅಲ್ಲಿಂದ ನಮ್ಮ ಆಟ.

ಅಮೆರಿಕ ಆದವಳ ಕೈಯಲ್ಲಿ 50 ಕವಚದ ಗಾಡಿ. ಬಾಡಿಗೆ ಎಷ್ಟು, ಸಾಗಿಸುವ ಖರ್ಚು ಯಾರದು ಅಂತ ವಿಶ್ವಸಂಸ್ಥೆ ಹುಡುಗನ ಜೊತೆ ಚೌಕಾಸಿಗೆ ಕೂತಳು. ಆಗ ನಿಜಕ್ಕೂ ನಡೆದದ್ದು ಇದೇ. ಗಾಡಿಗಳು ಬಂದದ್ದು ಜೂನ್ ಕೊನೆಗೆ, ಅದೂ ಪಕ್ಕದ ಉಗಾಂಡಾದ ಎಂಟೆಬೆಗೆ. ಇವರು ಮಾತಾಡುತ್ತಿದ್ದಂತೆ ನಾನು ಸುಮ್ನೆ ಒಂದೊಂದೇ ತಾರೀಖು ಕೆಂಪು ಪೆನ್ನಿನಲ್ಲಿ ಹೊಡೆಯುತ್ತಾ ಹೋದೆ. ಹಿಂದಿನ ಬೆಂಚಿನವನು ಎದ್ದು ಕೂಗಿದ, "ಬಾಡಿಗೆ ಆಮೇಲೆ ಮಾತಾಡೇ, ಮೊದಲು ಗಾಡಿ ಕಳಿಸು!" ಆ ಹಿರಿಯರೇ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಜುಲೈ ಕೊನೆಗೂ ರುವಾಂಡಾದಲ್ಲಿ ಇದ್ದವರು 550ರ ಆಸುಪಾಸು, ಅಷ್ಟರಲ್ಲಿ ಸುಮಾರು 8 ಲಕ್ಷ ಜನ ಸತ್ತಿದ್ದರು ಅಂದಾಗ ಯಾರೂ ವಡಾಪಾವ್ ಮುಟ್ಟಲಿಲ್ಲ.

ದುಡ್ಡಿನ ಚೀಟಿ ಯಾರಿಗೆ, ಯಾವಾಗ ಕೊಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆಟದ ಬಿಗಿ ಇರುವುದೇ ಅಲ್ಲಿ.

ನಡುವೆ ಸೈಪ್ರಸ್ ಕೂಡ ಆಡಿಸಿದೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಶಾಂತಿಪಡೆ ನಡೆಸಿದ ಜಾಗ, ಬಿಡೋಕಾಗುತ್ತಾ? 1964ರ ಮಾರ್ಚ್ 4ಕ್ಕೆ ನಿರ್ಣಯ, 27ಕ್ಕೆಲ್ಲ ಪಡೆ ಕೆಲಸಕ್ಕಿಳಿದಿತ್ತು. ಯಾಕೆ ಇಷ್ಟು ಬೇಗ ಅಂತ ನಾನು ಹೇಳಿಕೊಡಲಿಲ್ಲ. ಬ್ರಿಟಿಷ್ ಸೈನ್ಯ ಮೊದಲೇ ದ್ವೀಪದಲ್ಲಿತ್ತು, ಅವರು ವಿಮಾನದ ಚೀಟಿಗೆ ಕಾಯಬೇಕಿರಲಿಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳೇ ಹಿಡಿದರು. ಭಾಷಣ ಆಡಿಸಿದ ವರ್ಷಗಳಲ್ಲಿ ಇಂಥ ಉತ್ತರ ಒಂದೂ ಬಂದಿರಲಿಲ್ಲ.

ಈಗ ಬೋಸ್ನಿಯಾ ಚೀಟಿ ಬರೆಯುತ್ತಿದ್ದೇನೆ. ಅಲ್ಲಿನ ಯುದ್ಧದಲ್ಲಿ ಜನರ ರಕ್ಷಣೆಗೆ ಮಂಡಳಿ ಘೋಷಿಸಿದ್ದ ಸುರಕ್ಷಿತ ಪ್ರದೇಶಗಳನ್ನು ಕಾಯಲು 34000 ಸೈನಿಕರು ಬೇಕು ಅಂತ ವಿಶ್ವಸಂಸ್ಥೆಯವರು ಅಂದಿದ್ದರು, ಮಂಡಳಿ ಒಪ್ಪಿದ್ದು 7600ಕ್ಕೆ. ಹಾಗಾಗಿ ಈ ಸಲ ಗಾಡಿ, ವಿಮಾನ ಎಲ್ಲ ಸರಿಯಾಗಿ ಕೊಟ್ಟು ಸೈನಿಕರ ಚೀಟಿಯನ್ನೇ ಕಡಿಮೆ ಹಂಚುತ್ತೇನೆ.