ಬೆಸುಗೆಯಿಲ್ಲದ ಟೈಟಾನಿಯಂ ರಿಂಗು: ತಂತಿ ಕೊಳ್ಳುವುದರಿಂದ ಬಣ್ಣ ಹಿಡಿಸುವವರೆಗೆ

ಒಂದು ಗ್ರಾಂ ಚಿನ್ನದ ಓಲೆ ಹಾಕಿಕೊಂಡ ವಾರದಲ್ಲೇ ಕಿವಿ ಕೆರೆದು ಕೆಂಪಾದರೆ ಮೊದಲು ಅನುಮಾನಿಸಬೇಕಾದದ್ದು ನಿಕಲ್. ರಾಯಚೂರಿನ ಬೇಸಿಗೆಯ ಬೆವರಿಗೆ ಅದು ಇನ್ನೂ ಹೆಚ್ಚು ಬಿಟ್ಟುಕೊಳ್ಳುತ್ತದೆ. ಟೈಟಾನಿಯಂ ಆ ಬೆವರಿಗೆ ಜಗ್ಗುವುದಿಲ್ಲ, ಕಪ್ಪೂ ಆಗುವುದಿಲ್ಲ. ಆದರೆ ತಂತಿಯನ್ನು ಪತ್ತಾರರ ಮುಂದಿಟ್ಟು 'ಇದಕ್ಕೊಂದು ಬೆಸುಗೆ ಹಾಕ್ರಿ' ಅಂದಿರೋ, ಕೆಲಸ ಕೆಟ್ಟಿತು. ಅದರ ಮೇಲಿನ ಆಕ್ಸೈಡ್ ಪದರಕ್ಕೆ ಬೆಳ್ಳಿ ಬೆಸುಗೆ ಅಂಟುವುದಿಲ್ಲ, ಗುಂಡಾಗಿ ಉರುಳಿಹೋಗುತ್ತದೆ. ಕೆಂಪಗೆ ಕಾಯಿಸಿದರೆ ಗಾಳಿಯ ಆಮ್ಲಜನಕ, ಸಾರಜನಕ ಹೀರಿ ಗಡುಸಾಗಿ, ಬಗ್ಗಿಸಿದಾಗ ಪಟ್ಟನೆ ಮುರಿಯುತ್ತದೆ. ಹಾಗಾಗಿ ಬೆಸುಗೆಯೇ ಬೇಡದ ವಿನ್ಯಾಸ ಆರಿಸಿ. ಒಂದೇ ತಂತಿಯ ರಿಂಗು ಎಲ್ಲಕ್ಕಿಂತ ಸುಲಭ.

ಕೈಯಲ್ಲಿ ಬಗ್ಗಿಸಲು ಗ್ರೇಡ್ 2 (ಮಿಶ್ರಣವಿಲ್ಲದ ಟೈಟಾನಿಯಂ), ಅನೀಲ್ ಮಾಡಿದ, ಅಂದರೆ ಕಾಯಿಸಿ ಮೆದುಗೊಳಿಸಿದ ತಂತಿ ಕೇಳಿ. ಕಿವಿಗೆ 1 ಮಿ.ಮೀ., ಮೂಗಿಗೆ 0.8. ಗ್ರೇಡ್ 5 ಮತ್ತು 23 ಮಿಶ್ರಲೋಹಗಳು, ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿಯುತ್ತವೆ, ಇಕ್ಕಳಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೊಸದಾಗಿ ಚುಚ್ಚಿಸಿದ ಕಿವಿಗೆ ಮನೆಯಲ್ಲಿ ಮಾಡಿದ್ದು ಬೇಡ. ಎಎಸ್‌ಟಿಎಂ ಎಫ್136 (ದೇಹದೊಳಗೆ ಇಡುವ ಟೈಟಾನಿಯಂನ ಮಾನದಂಡ) ಪ್ರಮಾಣಪತ್ರವಿರುವ, ಆಟೋಕ್ಲೇವಿನ ಒತ್ತಡದ ಹಬೆಯಲ್ಲಿ ಕ್ರಿಮಿ ಕಳೆದ ಸಿದ್ಧ ಕಡ್ಡಿಯನ್ನೇ ಹಾಕಿಸಿ. ತಂತಿ ಸ್ಥಳೀಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹೈದರಾಬಾದ್, ಮುಂಬೈ ಅಥವಾ ಬೆಂಗಳೂರಿನ ಲೋಹದ ವ್ಯಾಪಾರಿಗಳಿಂದ ತರಿಸಬೇಕು. ಟೈಟಾನಿಯಂಗೆ ಹಾಲ್‌ಮಾರ್ಕ್ ಇಲ್ಲ. ಬಿಲ್ಲಿನ ಜೊತೆ ಹೀಟ್ ನಂಬರ್ (ಲೋಹ ಕರಗಿಸಿದ ತಂಡದ ಸಂಖ್ಯೆ) ಇರುವ ಮಿಲ್ ಟೆಸ್ಟ್ ಸರ್ಟಿಫಿಕೇಟ್, ಅಂದರೆ ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ ಪಡೆಯಿರಿ.

ಬಂದ ತಂತಿ ಟೈಟಾನಿಯಂ ಹೌದೋ ಅಲ್ಲವೋ ಎಂದು ಕತ್ತರಿಸುವ ಮುನ್ನ ತೂಗಿ ನೋಡಿ. ಅಯಸ್ಕಾಂತ ನಂಬಬೇಡಿ, 304 ನಂಬರಿನ ಸ್ಟೇನ್‌ಲೆಸ್ ಸ್ಟೀಲೂ ಅದಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಚಿನ್ನ ತೂಗುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತಂತಿಯ ಸುರುಳಿಯನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಸುಮಾರು 4.5 ಬರಬೇಕು. 4.50 ಗ್ರಾಂ ಸುರುಳಿಗೆ ತಕ್ಕಡಿ 1.00 ತೋರಿಸಿದರೆ ಸರಿ, 0.57 ತೋರಿಸಿದರೆ ಅದು ಸ್ಟೀಲು. ಸುರುಳಿಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ಅಲುಗಿಸಿ ಬಿಡಿಸಿ. ಗ್ರೇಡ್ 2 ಯಾವುದು, 5 ಯಾವುದು ಎಂಬುದು ಈ ಪರೀಕ್ಷೆಗೆ ಸಿಗದು. ಅದಕ್ಕೇ ಕಾಗದ ಬೇಕು.

ಒಳ ಅಳತೆ 10 ಮಿ.ಮೀ. ಇರುವ ರಿಂಗಿಗೆ 1 ಮಿ.ಮೀ. ತಂತಿ ಸುಮಾರು 34.5 ಮಿ.ಮೀ. ಬೇಕು (ಒಳ ಅಳತೆಗೆ ತಂತಿಯ ದಪ್ಪ ಸೇರಿಸಿ 11 × 3.14). ಅಷ್ಟು ಉದ್ದದ ತೂಕ 0.12 ಗ್ರಾಂ ಮಾತ್ರ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ಬಗ್ಗಿಸಿ ಬಿಟ್ಟ ಮೇಲೆ ತಂತಿ ತುಸು ಬಿಚ್ಚಿಕೊಳ್ಳುವುದರಿಂದ, 8 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಭಾಗಕ್ಕೆ ಒಂದು ತುಂಡು ಸುತ್ತಿ ಪರೀಕ್ಷಿಸಿ, ಆಮೇಲೆ ಬಿಟ್ಟಿನ ದಪ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ. ಕಟ್ಟರ್ ಬಿಟ್ಟ ಚೂಪು ತುದಿಯನ್ನು ಅರದಿಂದ ಗುಂಡಾಗಿಸಿ, 400, 800, 1200 ನಂಬರಿನ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಿ. ತುದಿ ಒರಟಾಗಿ ಉಳಿದರೆ ಕಿವಿಯ ತೂತನ್ನು ಒಳಗಿಂದ ಗೀರುತ್ತದೆ. ಜನ ಅದನ್ನೇ ಅಲರ್ಜಿ ಅಂದುಕೊಳ್ಳುತ್ತಾರೆ. ಪತ್ತಾರರ ಮಣೆಯ ಮೇಲೆ ಅರ ಹಾಕಬೇಡಿ: ಪುಡಿ ಅವರ ಚಿನ್ನದ ಪುಡಿಯಲ್ಲಿ ಬೆರೆತರೆ ಜಗಳ ಖಂಡಿತ. ಒಣ ಪುಡಿಗೆ ಕಿಡಿ ತಗುಲಿದರೆ ಉರಿಯುತ್ತದೆ, ಆಗ ನೀರು ಎರಚಬಾರದು, ಒಣ ಮರಳು ಸುರಿಯಬೇಕು.

ಬಣ್ಣಕ್ಕೆ ಪೇಂಟು ಬೇಡ, ನೀರಿನಲ್ಲಿ ವಿದ್ಯುತ್ ಹಾಯಿಸಿ ಆಕ್ಸೈಡ್ ಪದರ ದಪ್ಪ ಮಾಡಿದರೆ ಬಣ್ಣ ತಾನೇ ಕಾಣುತ್ತದೆ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಚಮಚ ಅಡುಗೆ ಸೋಡಾ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮಚ್ಚೆ ಬೀಳುತ್ತದೆ. ಅಡುಗೆ ಉಪ್ಪಂತೂ ಬೇಡ, ಕ್ಲೋರಿನ್ ಬರುತ್ತದೆ. ಸ್ಟೀಲ್ ಚಮಚಕ್ಕೆ ಮೈನಸ್, ಟೈಟಾನಿಯಂ ತಂತಿಯ ತುಂಡಿನದೇ ಕೊಕ್ಕೆಗೆ ನೇತುಹಾಕಿದ ರಿಂಗಿಗೆ ಪ್ಲಸ್. ತಾಮ್ರದ ಕ್ಲಿಪ್ಪು ನೀರಿಗೆ ಮುಟ್ಟಬಾರದು, ರಿಂಗು ಚಮಚಕ್ಕೆ ತಾಗಬಾರದು. 9 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದರೆ ಕಂಚಿನ ಛಾಯೆ, ಮೂರಕ್ಕೆ ಕಡು ನೀಲಿ, ಆರಕ್ಕೆ ತಿಳಿ ಹಳದಿ. ಕಡಿಮೆಯಿಂದ ಮೇಲಕ್ಕೆ ಹೋಗಿ: ದಾಟಿದ ಬಣ್ಣ ವೋಲ್ಟ್ ಇಳಿಸಿದರೆ ಮರಳುವುದಿಲ್ಲ, ಉಜ್ಜಿ ತೆಗೆದು ಮತ್ತೆ ಶುರು ಮಾಡಬೇಕು. ಆರು ಬ್ಯಾಟರಿ ದಾಟಬೇಡಿ, ರಬ್ಬರ್ ಕೈಗವಸು ಇರಲಿ. ಪಟ್ಟೆಪಟ್ಟೆ ಬಂದರೆ ಬೆರಳಿನ ಎಣ್ಣೆ ಕಾರಣ. ಮುಳುಗಿಸುವ ಮುನ್ನ ಪಾತ್ರೆ ಸೋಪು, ಆಮೇಲೆ ಅಸಿಟೋನ್. ಕುಂಕುಮದ ಕೆಂಪು ಎಷ್ಟು ವೋಲ್ಟಿಗೂ ಬರದು, ಗಿರಾಕಿಗೆ ಮೊದಲೇ ಹೇಳಿಬಿಡಿ.

ತಗಡಿನ ವಿನ್ಯಾಸವಾದರೆ ಗೇಟು ಕತ್ತರಿಸುವ ಲೇಸರಿಗೆ ಕೊಡುವ ಮುನ್ನ ಯಾವ ಗ್ಯಾಸು ಎಂದು ಕೇಳಿ. ಆಕ್ಸಿಜನ್ ಅಥವಾ ನೈಟ್ರೋಜನ್ ಆದರೆ ಅಂಚು ಗಡುಸಾಗಿ ಬಿರುಕು ಬಿಡುತ್ತದೆ. ಆರ್ಗಾನ್ ಇರಬೇಕು, ಇಲ್ಲವೇ ನೀರಿನ ರಭಸದಿಂದ ಕತ್ತರಿಸುವ ವಾಟರ್‌ಜೆಟ್.

ರಿಂಗು ಹಾಕುವಾಗ ಎರಡು ತುದಿಗಳನ್ನು ಅಗಲಕ್ಕೆ ಎಳೆಯಬೇಡಿ, ಪಕ್ಕಕ್ಕೆ ತಿರುಚಿ ತೆರೆಯಿರಿ. ದಿನಾ ತೆಗೆದು ಹಾಕಿದರೆ ತಂತಿ ದಣಿದು ಮುರಿಯುತ್ತದೆ. ಕಾಲುಂಗುರಕ್ಕೆ ಈ ಬಣ್ಣ ಹಿಡಿಸುವುದು ದಂಡ: ಕಲ್ಲು ನೆಲಕ್ಕೆ ಉಜ್ಜಿ ಹೋಗುತ್ತದೆ. ಕಿವಿಯಲ್ಲಾದರೆ ಬಹುಕಾಲ ಇರುತ್ತದೆ, ಮೈಯೆಣ್ಣೆ ಹತ್ತಿ ಮಂಕಾದರೆ ಸೋಪಿನಲ್ಲಿ ತೊಳೆದರೆ ಸಾಕು.