ಮಳೆಗಾಲದಲ್ಲಿ ಮಂಗಳೂರನ್ನು ನೋಡುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಮಂಗಳೂರು ಎಂದರೆ ಬೇಸಿಗೆ ರಜೆಯ ಊರು. ಧರ್ಮಸ್ಥಳ, ಸುಬ್ರಹ್ಮಣ್ಯಗಳ ದರ್ಶನ ಮುಗಿಸಿ, ಒಂದು ಸಂಜೆ ಪಣಂಬೂರಿನಲ್ಲಿ ಮಕ್ಕಳನ್ನು ಅಲೆಗೆ ಬಿಟ್ಟು, ಮರಳು ಮೆತ್ತಿದ ಬಟ್ಟೆಗಳ ಗಂಟಿನೊಡನೆ ಹಿಂತಿರುಗುವುದು ನಡೆದುಬಂದ ಪದ್ಧತಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ನದಿಗಳೂ ಸೊರಗಿರುತ್ತವೆ. ಆ ಊರಿನ ಮನೆ, ಅಡುಗೆ, ಹಬ್ಬ, ಮೀನುಗಾರಿಕೆ ಎಲ್ಲವೂ ಮಳೆಯ ಲೆಕ್ಕಕ್ಕೆ ಹೊಂದಿಕೊಂಡು ಬೆಳೆದಿರುವುದರಿಂದ, ಅದನ್ನು ನೋಡಲು ಮಳೆಗಾಲವೇ ತಕ್ಕ ಕಾಲವೆಂಬುದು ಈ ಲೇಖನದ ವಾದ. ಷರತ್ತು ಒಂದೇ: ಸಮುದ್ರಕ್ಕೆ ಇಳಿಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ನೀರನ್ನು ಎತ್ತರದಿಂದ, ದಡದಿಂದ, ಸೂರಿನಡಿಯಿಂದ ನೋಡುವ ಪ್ರವಾಸವಿದು.

ಅಲ್ಲಿನ ಮಳೆಯ ಅಳತೆಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ 600ರಿಂದ 700 ಮಿಲಿಮೀಟರ್. ಚಿತ್ರದುರ್ಗದಲ್ಲಿ ಇನ್ನೂ ಕಡಿಮೆ. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನೈಋತ್ಯ ಮಾರುತ ಹೊತ್ತು ತರುವ ತೇವವು ಘಟ್ಟದ ಗೋಡೆಗೆ ತಾಗಿ, ಮೇಲೇರಿ, ತಣಿದು, ಹೆಚ್ಚಿನದೆಲ್ಲವನ್ನೂ ಕರಾವಳಿ ಮತ್ತು ಮಲೆನಾಡಿನಲ್ಲೇ ಇಳಿಸಿಬಿಡುವುದರಿಂದ ಈಚೆಗಿನ ನಾವು ಮಳೆನೆರಳಿನವರಾಗಿದ್ದೇವೆ. ಹಾಗೆಂದು ಆ ಮಳೆ ನಮಗೆ ಪರಕೀಯವೇನಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ ಎನ್ನುತ್ತಾರೆ. ಮೊದಲಿನ ಎರಡು ಈಚೆಗೆ ಹರಿದು ನಮ್ಮ ನಾಲೆ, ಗದ್ದೆ, ನಲ್ಲಿಗಳಿಗೆ ಬರುತ್ತವೆ. ಮೂರನೆಯದು ಪಶ್ಚಿಮಕ್ಕೆ ಇಳಿದು ತುಂಬೆಯ ಅಣೆಕಟ್ಟೆಯಿಂದ ಮಂಗಳೂರಿಗೆ ಕುಡಿಯುವ ನೀರಾಗುತ್ತದೆ.

ತಿಂಗಳನ್ನು ಆರಿಸುವುದು

ಮಳೆಯ ಅಬ್ಬರವನ್ನೇ ನೋಡಬೇಕೆನ್ನುವವರು ಜುಲೈಯಲ್ಲಿ ಹೋಗಬಹುದು. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆಗಸ್ಟ್‌ನ ಎರಡನೆಯ ಪಾಲಿನಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿ ಹೆಚ್ಚು ಹಿತಕರ, ಏಕೆಂದರೆ ಆಗ ಮಳೆಗೆ ಬಿಡುವಿರುತ್ತದೆ, ಬಿಡುವಿನ ಬಿಸಿಲಿಗೆ ಊರು ಹೊಳೆಯುತ್ತದೆ. ಇನ್ನೊಂದು ಕಾರಣವೂ ಇದೆ. ಮೀನುಗಳು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಹಳೆಯ ಬಂದರಿನಲ್ಲಿ ಬೋಟುಗಳು ನಿಲ್ಲುವ ದಕ್ಕೆಗೆ ಹೋದರೆ ಒಂದಕ್ಕೊಂದು ಒತ್ತಿಕೊಂಡು ಲಂಗರು ಹಾಕಿರುವ ಬೋಟುಗಳನ್ನು, ಬಲೆ ರಿಪೇರಿ ಮಾಡುತ್ತ ಕುಳಿತವರನ್ನು ಕಾಣಬಹುದೇ ಹೊರತು ಮೀನಿನ ಹರಾಜನ್ನಲ್ಲ. ಆಗಸ್ಟ್ ಬಂದು ಕಡಲು ಸ್ವಲ್ಪ ಶಾಂತವಾದ ಮೇಲೆ ಬೋಟುಗಳು ಇಳಿಯುತ್ತವೆ, ಬಂಗುಡೆ, ಬೂತಾಯಿ ಬುಟ್ಟಿ ತುಂಬುತ್ತವೆ.

ಕಂಬಳ, ಭೂತಕೋಲ, ಯಕ್ಷಗಾನ ಬಯಲಾಟ ಈ ಮೂರನ್ನು ನಿರೀಕ್ಷಿಸಿ ಹೋಗಬೇಡಿ. ಮೇ ಕೊನೆಯ ವಾರದಲ್ಲಿ ಬರುವ, ತುಳುವರ ಕಟ್ಟುದಿನವಾದ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ; ಮತ್ತೆ ಶುರುವಾಗುವುದು ದೀಪಾವಳಿಯ ಸುಮಾರಿಗೆ. ಆ ಬದಲಿಗೆ ಕೃಷ್ಣಾಷ್ಟಮಿಯ ಮಾರನೆಯ ದಿನ ತೂಗುಬಿಟ್ಟ ಗಡಿಗೆ ಒಡೆಯುವ ಮೊಸರು ಕುಡಿಕೆಯ ಉತ್ಸವ ಸಿಗುತ್ತದೆ. ಸೆಪ್ಟೆಂಬರ್ 8ರಂದು ಕ್ರೈಸ್ತರ ಮೊಂತಿ ಹಬ್ಬವಿದೆ. ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ಒಯ್ದು, ಅಂದು ಸಸ್ಯಾಹಾರದ ಊಟ ಮಾಡುವ ಈ ಹಬ್ಬವು ಭತ್ತದ ಸೀಮೆಯಿಂದ ಹೋದ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ಘಟ್ಟ ಇಳಿಯುವುದು

ದಾವಣಗೆರೆಯಿಂದ ರಸ್ತೆಯಲ್ಲಿ ಹೋಗುವವರಿಗೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳದ ದಾರಿ ನೇರವಾದದ್ದು. 250 ಕಿಲೋಮೀಟರಿಗೂ ಹೆಚ್ಚು. ಆಗುಂಬೆಯ ತಿರುವುಗಳು ಕಡಿದಾಗಿರುವುದರಿಂದ ಮಳೆಗಾಲದಲ್ಲಿ ಭಾರೀ ವಾಹನಗಳನ್ನು ತಡೆಯುತ್ತಾರೆ, ಕಾರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಚಿತ್ರದುರ್ಗದವರು ಹೊಸದುರ್ಗ, ಕಡೂರು, ಚಿಕ್ಕಮಗಳೂರು, ಮೂಡಿಗೆರೆಯ ಮೂಲಕ ಚಾರ್ಮಾಡಿ ಇಳಿಯಬಹುದು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಘಾಟಿಯ ಸಂಚಾರ ಬಹುಕಾಲ ನಿಂತಿತ್ತೆಂಬುದನ್ನು ನೆನಪಿಟ್ಟುಕೊಂಡು, ಹೊರಡುವ ಹಿಂದಿನ ದಿನ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಯಾವ ಘಾಟಿಯಾದರೂ ಸರಿ, ಮಧ್ಯಾಹ್ನದೊಳಗೆ ಇಳಿದುಬಿಡಿ. ಕತ್ತಲು, ಮಂಜು, ಮಳೆ ಮೂರೂ ಕೂಡಿದರೆ ಎಂಥ ನುರಿತ ಚಾಲಕನೂ ಪೇಚಾಡುತ್ತಾನೆ.

ರೈಲು ಇಷ್ಟಪಡುವವರಿಗೆ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೂಲಕ ಹೋಗುವ ವಿಜಯಪುರ–ಮಂಗಳೂರು ಗಾಡಿಯಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿಯ ಮೇಲೆ ಸುರಂಗಗಳೇ ಐವತ್ತಕ್ಕೂ ಹೆಚ್ಚು. ಸುರಂಗ ಮುಗಿದು ಸೇತುವೆ, ಸೇತುವೆ ಮುಗಿದು ಝರಿ, ಮತ್ತೆ ಸುರಂಗ. ಇದೂ ಭೂಕುಸಿತಕ್ಕೆ ಹೊರತಲ್ಲ, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಮಣ್ಣು ಜರಿದು ಗಾಡಿಗಳು ನಿಂತಿದ್ದವು.

ಬಣ್ಣದ ಎಚ್ಚರಿಕೆ, ಉಬ್ಬರದ ವೇಳೆ

ಬೆಳಿಗ್ಗೆ ಎದ್ದೊಡನೆ ಎರಡು ವಿಷಯಗಳನ್ನು ನೋಡಿಕೊಂಡರೆ ದಿನದ ಅರ್ಧ ಯೋಜನೆ ಮುಗಿದಂತೆ. ಮೊದಲನೆಯದು ಹವಾಮಾನ ಇಲಾಖೆಯ ಎಚ್ಚರಿಕೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ವಿಪರೀತ ಮಳೆ. ಯೆಲ್ಲೊ, ಆರೆಂಜ್, ರೆಡ್ ಅಲರ್ಟ್‌ಗಳು ಹೆಚ್ಚುಕಡಿಮೆ ಈ ಮೆಟ್ಟಿಲುಗಳನ್ನೇ ಅನುಸರಿಸುತ್ತವೆ. ನಮ್ಮ ಜಿಲ್ಲೆಯ ಇಡೀ ವರ್ಷದ ಮಳೆಯಲ್ಲಿ ಮೂರನೆಯ ಒಂದು ಪಾಲು ಒಂದೇ ಹಗಲು–ರಾತ್ರಿಯಲ್ಲಿ ಬಿದ್ದರೆ ಹೇಗಿರಬಹುದೆಂದು ಊಹಿಸಿದರೆ ರೆಡ್ ಅಲರ್ಟ್ ಎಂದರೇನೆಂದು ತಿಳಿಯುತ್ತದೆ. ಯೆಲ್ಲೊ ದಿನ ಧೈರ್ಯವಾಗಿ ತಿರುಗಾಡಿ, ಆರೆಂಜ್ ದಿನ ನಗರದೊಳಗೇ ಇರಿ, ರೆಡ್ ದಿನ ರೂಮಿನ ಕಿಟಕಿಯೇ ಪ್ರೇಕ್ಷಣೀಯ ಸ್ಥಳ.

ಎರಡನೆಯದು ಉಬ್ಬರದ ವೇಳೆ. ಸಮುದ್ರ ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ, ಮತ್ತು ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ನೇತ್ರಾವತಿ ಹಾಗೂ ಫಲ್ಗುಣಿ, ಅಂದರೆ ಗುರುಪುರ ನದಿ, ಎರಡೂ ಬೆಂಗ್ರೆ ಮತ್ತು ಉಳ್ಳಾಲದ ಕೋಟೆಪುರದ ನಡುವಿನ ಒಂದೇ ಅಳಿವೆ ಬಾಗಿಲಿನಿಂದ ಕಡಲಿಗೆ ಹೋಗಬೇಕು. ಉಬ್ಬರದ ಹೊತ್ತಿನಲ್ಲಿ ಘಟ್ಟದ ನೀರೂ ಬಂದು ತಲುಪಿದರೆ ಒಳಗಿನ ನೀರಿಗೆ ಹೊರಹೋಗಲು ದಾರಿಯಿಲ್ಲದೆ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. ಆದ್ದರಿಂದ ನದಿದಂಡೆಗೆ ಇಳಿತದಲ್ಲಿ ಹೋಗಿ, ಕಡಲನ್ನು ಎತ್ತರದಿಂದ ಉಬ್ಬರದಲ್ಲಿ ನೋಡಿ.

ದಿನವನ್ನು ಹೊಂದಿಸುವುದು

ಬಯಲಿನ ಒಂದು ಜಾಗಕ್ಕೆ ಸೂರಿನಡಿಯ ಒಂದು ಜಾಗವನ್ನು ಜೋಡಿ ಮಾಡಿಟ್ಟುಕೊಳ್ಳುವುದು ಇಲ್ಲಿನ ಉಪಾಯ. ಮಳೆ ಬಂದರೆ ಒಳಗೆ, ನಿಂತರೆ ಹೊರಗೆ. ಎರಡರ ನಡುವೆ ಆಟೊದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ದಾರಿಯಿರಬಾರದು.

ಬೆಳಗಿಗೆ ಕದ್ರಿ ಒಳ್ಳೆಯದು. ಮಂಜುನಾಥ ದೇವಸ್ಥಾನದಲ್ಲಿರುವ, ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ವಂಶದ ಅರಸ ಕುಂದವರ್ಮ ಮಾಡಿಸಿದ್ದು ಕ್ರಿ.ಶ. 968ರಲ್ಲಿ ಎಂದು ಪೀಠದ ಶಾಸನ ಹೇಳುತ್ತದೆ. ದೇವಸ್ಥಾನದ ಹಿಂದಿನ ಗುಡ್ಡದಿಂದ ಗೋಮುಖದ ಮೂಲಕ ಬರುವ ಒರತೆಯ ನೀರು ಕೆಳಗಿನ ಸಾಲು ಕೆರೆಗಳಿಗೆ ಇಳಿಯುತ್ತದೆ, ಮಳೆಗಾಲದಲ್ಲಿ ಅದರ ಧಾರೆಗೆ ಜೋರಿರುತ್ತದೆ. ಇದಕ್ಕೆ ಜೋಡಿ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯಿಂದ ಬಂದ ಜೆಸ್ವಿತ್ ಸೋದರ ಆಂಟೋನಿಯೊ ಮೋಶೆನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆ ಆರುವುದರೊಳಗೆ ಕೈ ಮುಗಿಸಬೇಕಾದ ಕೆಲಸ. ಇಂಥ ತೇವದ ಊರಿನಲ್ಲಿ ಅವು ಉಳಿದುಬಂದಿರುವುದೇ ಸೋಜಿಗ. ಬೆಂಚಿನಲ್ಲಿ ಕುಳಿತು ಕತ್ತೆತ್ತಿ ನಿಧಾನವಾಗಿ ನೋಡಿ, ಒಂದು ಜೋರು ಮಳೆ ಬಂದು ಹೋಗುವಷ್ಟು ಹೊತ್ತು ಬೇಕಾಗುತ್ತದೆ. ಒಳಗೆ ಫೋಟೊ ತೆಗೆಯಬಹುದೇ ಎಂದು ಕೇಳಿಯೇ ತೆಗೆಯಿರಿ.

ಮಧ್ಯಾಹ್ನದ ನಂತರ ಬಂದರಿನ ಕಡೆಗೆ ಇಳಿಯಿರಿ. ಹೆಂಚಿನ ಮಾಡಿನ ಹಳೆಯ ಮಂಡಿಗಳ ನಡುವಿನ ಇಕ್ಕಟ್ಟು ಬೀದಿಗಳಲ್ಲಿ ನಡೆದರೆ ಝೀನತ್ ಬಕ್ಷ್ ಮಸೀದಿ ಸಿಗುತ್ತದೆ, ಅದರ ಕೆತ್ತನೆಯ ಮರದ ಕಂಬಗಳನ್ನು ನಮಾಜಿನ ವೇಳೆ ತಪ್ಪಿಸಿ, ಅನುಮತಿ ಪಡೆದು ನೋಡಬಹುದು. ಇಲ್ಲೇ ಒಂದು ಮಾಡಿನ ಅಂಚಿನಲ್ಲಿ ನಿಂತು ಹೆಂಚುಗಳನ್ನು ಗಮನಿಸಿ. ಪ್ರತಿ ಹೆಂಚಿನ ಮೈಯಲ್ಲಿ ನೀರು ಹರಿಯಲು ತೋಡು, ಪಕ್ಕದ ಹೆಂಚಿಗೆ ಸಿಕ್ಕಿಕೊಳ್ಳಲು ಅಂಚು, ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಮಳೆ ಹನಿ ತೋಡಿನಿಂದ ತೋಡಿಗೆ ಇಳಿದು ಮಾಡಿನ ತುದಿಯಲ್ಲಿ ಅಳತೆ ಮಾಡಿದಂತೆ ಸಮದೂರದ ಧಾರೆಗಳಾಗಿ ಬೀಳುವುದು ಇದರಿಂದಲೇ. ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನಮ್ಮ ಬಯಲುಸೀಮೆಯ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳು ಇಲ್ಲಿನ ಒಂದು ಜುಲೈ ವಾರವನ್ನೂ ತಾಳಿಕೊಳ್ಳಲಾರವು. (ಅದೇ ಮಿಷನ್‌ನ ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದೂ ಮಳೆಗಾಲದಲ್ಲೇ, 1843ರ ಜುಲೈ 1ರಂದು.)

ಸಂಜೆಯ ಹೊತ್ತಿಗೆ, ಮಳೆ ಬಿಟ್ಟಿದ್ದರೆ, ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಹಡಗುಗಳು ನದಿಯೊಳಗೆ ನುಗ್ಗದಂತೆ ಕಾವಲಿಗೆಂದು ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬುರುಜಿದು. ಏಳು ಸುತ್ತಿನ ಕೋಟೆ ಹತ್ತಿದ ಚಿತ್ರದುರ್ಗದವರಿಗೆ ಇದು ತೀರ ಸಣ್ಣದಾಗಿ ಕಾಣಬಹುದು, ಆದರೆ ಇಲ್ಲಿಗೆ ಬರುವುದು ಕಲ್ಲಿಗಾಗಿ ಅಲ್ಲ. ಕಣ್ಣೆದುರು ಕೆಂಪಾಗಿ ಹರಿಯುವ ಗುರುಪುರ ನದಿ, ಅದರಾಚೆ ತೆಂಗಿನ ಸಾಲಿನ ಕಿರಿದಾದ ಮರಳಿನ ಪಟ್ಟಿ, ಆ ಪಟ್ಟಿಯ ಆಚೆಗೆ ಕಡಲು. ಕಡಲು ಕಾಣುವುದಿಲ್ಲ, ಅದರ ಮೊರೆತ ಮಾತ್ರ ನದಿ ದಾಟಿ ಬರುತ್ತದೆ. ಆಚೆ ದಡದ ತಣ್ಣೀರುಬಾವಿಗೆ ಹೋಗುವ ದೋಣಿ ಮಳೆಗಾಲದಲ್ಲಿ ನಿಂತಿರುವುದುಂಟು. ನಡೆಯುತ್ತಿದ್ದರೂ ನೀರಿನ ಸೆಳೆತ ನೋಡಿ ತೀರ್ಮಾನಿಸಿ. ಬುರುಜಿನ ಮೆಟ್ಟಿಲುಗಳು ಪಾಚಿಯಿಂದ ಜಾರುತ್ತವೆ.

ಮರುದಿನ ಉಬ್ಬರದ ವೇಳೆಗೆ ಸರಿಯಾಗಿ ಉಳ್ಳಾಲದಾಚೆಯ ಸೋಮೇಶ್ವರವನ್ನು ತಲುಪಿದರೆ, ದೇವಸ್ಥಾನದ ಎತ್ತರದ ಜಾಗದಿಂದ ಮಳೆಗಾಲದ ಕಡಲು ಕಾಣಸಿಗುತ್ತದೆ. ಅಲೆಯ ಬಣ್ಣ ನೀಲಿಯಲ್ಲ, ಕೆಸರು ಬೆರೆತ ಬೂದು. ಕೆಳಗಿನ ರುದ್ರಪಾದೆಯ ಬಂಡೆಗಳಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಅಲ್ಲಿ ನಿಂತವರನ್ನು ಅಲೆ ಎಳೆದೊಯ್ದ ದುರಂತಗಳು ಮತ್ತೆ ಮತ್ತೆ ನಡೆದಿವೆ. ಈ ದಂಡೆಯುದ್ದಕ್ಕೂ ಕಡಲ್ಕೊರೆತಕ್ಕೆ ಸುರಿದ ಕಲ್ಲುಗಳನ್ನು, ಬೇರು ಬಿಚ್ಚಿಕೊಂಡು ಬಾಗಿದ ತೆಂಗಿನ ಮರಗಳನ್ನು ಕಾಣುತ್ತೀರಿ. ಅಲ್ಲಿ ಮನೆ ಕಳೆದುಕೊಳ್ಳುವವರಿದ್ದಾರೆ; ಸೆಲ್ಫಿಗೆ ಅದು ಜಾಗವಲ್ಲ. ಮಳೆ ಬಿಡದಿದ್ದರೆ ಈ ದಿನದ ಉಳಿದ ಭಾಗಕ್ಕೆ ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯಗಳಿವೆ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿಡಿ.

ಊಟ, ಉಡುಪು

ಬೆಣ್ಣೆ ದೋಸೆಯ ನಾಲಿಗೆಗೆ ನೀರ್ದೋಸೆ ಮೊದಲ ತುತ್ತಿಗೆ ಸಪ್ಪೆಯೆನಿಸುತ್ತದೆ, ಜೊತೆಗಿನ ಗಸಿಯೊಂದಿಗೆ ತಿಂದರೆ ಲೆಕ್ಕ ಸರಿಹೋಗುತ್ತದೆ. ಮಂಡಕ್ಕಿ–ಮಿರ್ಚಿಯ ಜಾಗದಲ್ಲಿ ಸಂಜೆಗೆ ಗೋಳಿಬಜೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಹೋದರೆ ಕೆಸುವಿನ ಎಲೆಗೆ ಅಕ್ಕಿ–ಮಸಾಲೆಯ ಹಿಟ್ಟು ಸವರಿ ಸುತ್ತಿ ಬೇಯಿಸಿದ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರಿನ ಪಲ್ಯ, ತಿಮರೆ ಅಂದರೆ ಒಂದೆಲಗದ ಚಟ್ನಿ ಕೇಳಿ ತಿನ್ನಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯದ ಕಹಿ ಮಾತ್ರ ಆತಿಥೇಯರ ಮೇಲಿನ ಗೌರವಕ್ಕೆ ನುಂಗಬೇಕಾದದ್ದು. ಅದರ ತೊಗಟೆಯನ್ನು ಗುರುತು ಬಲ್ಲವರೇ ತರುತ್ತಾರೆ, ನೀವಾಗಿ ಯಾವ ಮರವನ್ನೂ ಕೆತ್ತಲು ಹೋಗಬೇಡಿ.

ಜೀನ್ಸ್ ಪ್ಯಾಂಟು, ಚರ್ಮದ ಚಪ್ಪಲಿ, ಬೂಟು ಮನೆಯಲ್ಲೇ ಇರಲಿ. ಅಲ್ಲಿ ಒಮ್ಮೆ ನೆನೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ತೆಳು ಬಟ್ಟೆ, ಪಟ್ಟಿಯಿರುವ ರಬ್ಬರ್ ಚಪ್ಪಲಿ, ಮೊಬೈಲಿಗೊಂದು ಪ್ಲಾಸ್ಟಿಕ್ ಚೀಲ, ಗಟ್ಟಿ ಕಡ್ಡಿಗಳ ದೊಡ್ಡ ಕೊಡೆ ಸಾಕು. ನಮ್ಮಲ್ಲಿ ಸಿಗುವ ಮಡಚುವ ಸಣ್ಣ ಛತ್ರಿ ಕಡಲ ಗಾಳಿಗೆ ಮಗುಚಿಕೊಳ್ಳುತ್ತದೆ.

ವಾಪಸಾಗುವ ದಿನಕ್ಕೊಂದು ದಿನ ಹೆಚ್ಚಿಟ್ಟುಕೊಂಡೇ ರಜೆ ಹಾಕಿ. ಆಗುಂಬೆ ಮುಚ್ಚಿದರೆ ಚಾರ್ಮಾಡಿ, ಅದೂ ಮುಚ್ಚಿದರೆ ಶಿರಾಡಿ, ಮೂರೂ ತೊಂದರೆಯಲ್ಲಿದ್ದರೆ ಇನ್ನೊಂದು ರಾತ್ರಿ ಅಲ್ಲೇ ಉಳಿಯುವುದು. ರಾತ್ರಿ ಹೊರಟು ಬೆಳಗಾಗುವುದರೊಳಗೆ ದಾವಣಗೆರೆ ಸೇರುವ ಲೆಕ್ಕಾಚಾರ ಬೇಸಿಗೆಗೆ ಸರಿ, ಆಷಾಢಕ್ಕಲ್ಲ.